ಹಾಡಿನೊಳಗಿನ ಹಾಡು: ಹಳೆಯ ಸೋಲ್ ಮತ್ತು ಹಿಪ್‌ಹಾಪ್ ಜ್ಞಾನವನ್ನು ಪರೀಕ್ಷಿಸಿಕೊಳ್ಳುವ ವಿಧಾನ

ಸೋಲ್ (ಅಮೆರಿಕದ ಕಪ್ಪುಜನರ ಭಾವತುಂಬಿದ ಹಾಡಿನ ಪ್ರಕಾರ) ಮತ್ತು ಹಿಪ್‌ಹಾಪ್ (ತಾಳದ ಮೇಲೆ ಲಯಬದ್ಧವಾಗಿ ಮಾತಾಡುವ, ಅಂದರೆ ರ್‍ಯಾಪ್ ಮಾಡುವ ಸಂಗೀತ) ಹಾಡುಗಳನ್ನು ಕೇಳಿ ಗುರುತಿಸುವ ಪರೀಕ್ಷೆಗೆಂದು ನಾವು ಪ್ರತಿವರ್ಷ ಆರಿಸಿಕೊಳ್ಳುವುದು ಆಗಸ್ಟ್ 11ರ ಆಸುಪಾಸಿನ ಒಂದು ಸಂಜೆಯನ್ನು. 1973ರಲ್ಲಿ ಅದೇ ದಿನ ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿ, 1520 ಸೆಜ್‌ವಿಕ್ ಅವೆನ್ಯೂ ಎಂಬ ವಿಳಾಸದ ವಸತಿ ಕಟ್ಟಡದಲ್ಲಿ, ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಶಾಲೆ ತೆರೆಯುವ ಮುನ್ನ ಹೊಸ ಬಟ್ಟೆಗೆ ಹಣ ಕೂಡಿಸಲು ಒಂದು ಕುಣಿತದ ಕೂಟವನ್ನು ಏರ್ಪಡಿಸಿದ್ದಳು; ಅಲ್ಲಿ ರೆಕಾರ್ಡು ಹಾಕುವ ಹೊಣೆಯನ್ನು ಜಮೈಕಾದಲ್ಲಿ ಹುಟ್ಟಿದ ಅವಳ ಅಣ್ಣ ಕ್ಲೈವ್ ಹೊತ್ತಿದ್ದ. ಡಿಜೆ ಕೂಲ್ ಹರ್ಕ್ ಎಂದು ಹೆಸರಾದ ಅವನ ಆ ಕೂಟದ ದಿನವನ್ನೇ ಹಿಪ್‌ಹಾಪ್‌ನ ಹುಟ್ಟುಹಬ್ಬವೆಂದು ಇಂದು ಆಚರಿಸಲಾಗುತ್ತದೆ. ಕೊಡಗಿನಲ್ಲಿ ನಮಗೆ ಅದು ಕಕ್ಕಡ ಮಾಸದ ಕೊನೆಯ ಭಾಗ. ಮದ್ದು ಸೊಪ್ಪಿನ ಪಾಯಸ ಉಂಡು ಒಂದು ವಾರ ಕಳೆದಿರುತ್ತದೆ, ಮದುವೆಯಂಥ ಶುಭಕಾರ್ಯಗಳಿರುವುದಿಲ್ಲ, ಕತ್ತಲಾದ ಮೇಲೆ ಹೊರಗೆ ಹೋಗುವ ಮಾತೇ ಇಲ್ಲದಂತೆ ಮಳೆ ಸುರಿಯುತ್ತಿರುತ್ತದೆ. ನಾಪೋಕ್ಲು ಕಡೆಯ ನಮ್ಮ ಮನೆಯ ನಡುಕೋಣೆಯಲ್ಲಿ ಬಂಧುಗಳೂ ಗೆಳೆಯರೂ ಸೇರಿ ಐದಾರು ಮಂದಿ ಬೆಲ್ಲದ ಕಾಫಿಯ ಲೋಟಗಳೊಡನೆ, ಒಂದೊಂದು ಹಾಳೆ ಮತ್ತು ಪೆನ್ಸಿಲ್ ಹಿಡಿದು ಕುಳಿತುಕೊಳ್ಳುತ್ತೇವೆ.

ಹಳೆಯ ಹಾಡುಗಳ ಬಗೆಗಿನ ರಸಪ್ರಶ್ನೆಗಳು ಸಾಮಾನ್ಯವಾಗಿ ಹಾಡಿದವರು ಯಾರು, ಯಾವ ಇಸವಿ, ಜನಪ್ರಿಯತೆಯ ಪಟ್ಟಿಯಲ್ಲಿ ಎಷ್ಟನೆಯ ಸ್ಥಾನ ಎಂಬ ಮೂರು ಪ್ರಶ್ನೆಗಳ ಸುತ್ತಲೇ ತಿರುಗುತ್ತವೆ. ಇವು ನೆನಪಿನ ಶಕ್ತಿಯನ್ನು ಅಳೆಯುತ್ತವೆಯೇ ಹೊರತು ಕೇಳುವ ಶಕ್ತಿಯನ್ನು ಅಳೆಯುವುದಿಲ್ಲ. ಒಂದೇ ಒಂದು ಹಾಡನ್ನೂ ಕಿವಿಗೊಟ್ಟು ಕೇಳದವರು ಸಹ ಪಟ್ಟಿಯನ್ನು ಬಾಯಿಪಾಠ ಮಾಡಿ ಪೂರ್ಣ ಅಂಕ ಪಡೆಯಬಹುದು. ಸೋಲ್ ಮತ್ತು ಹಿಪ್‌ಹಾಪ್‌ಗಳನ್ನು ಒಟ್ಟಿಗೆ ಬಲ್ಲವರಿಗೆ ಇರಬೇಕಾದ ಮುಖ್ಯ ಸಾಮರ್ಥ್ಯ ಬೇರೆಯೇ ಇದೆ: ಹಿಪ್‌ಹಾಪ್ ಹಾಡೊಂದು ಕೇಳಿಬಂದಾಗ ಅದರ ಅಡಿಯಲ್ಲಿ ಹರಿಯುತ್ತಿರುವ ಹಳೆಯ ಸೋಲ್ ಹಾಡನ್ನು ಗುರುತಿಸುವುದು. ಆ ಸಾಮರ್ಥ್ಯವನ್ನು ಅಳೆಯುವಂತೆ ಪರೀಕ್ಷೆಯನ್ನು ರೂಪಿಸುವುದು ಹೇಗೆ ಎಂಬುದನ್ನೇ ಇಲ್ಲಿ ವಿವರಿಸುತ್ತೇನೆ. ಒಬ್ಬರೇ ಕುಳಿತು ಮಾಡಿಕೊಳ್ಳುವವರಿಗೂ ಗುಂಪಿನಲ್ಲಿ ಮಾಡುವವರಿಗೂ ಇದು ಹೊಂದುತ್ತದೆ.

ಹಾಡುಗಳನ್ನು ಆರಿಸುವುದು

ಮೊದಲು ಕಾಲದ ಎಲ್ಲೆಯನ್ನು ಹಾಕಿಕೊಳ್ಳಬೇಕು. ಸೋಲ್‌ಗೆ 1950ರ ದಶಕದ ಕೊನೆಯಿಂದ 1970ರ ದಶಕದ ಕೊನೆಯವರೆಗೆ, ಹಿಪ್‌ಹಾಪ್‌ಗೆ ಮೊದಲ ಜನಪ್ರಿಯ ರ್‍ಯಾಪ್ ರೆಕಾರ್ಡು ಬಂದ 1979ರಿಂದ 1996ರವರೆಗೆ ಎಂದು ನಾನು ಇಟ್ಟುಕೊಂಡಿದ್ದೇನೆ. ಒಟ್ಟು ಮೂವತ್ತು ಹಾಡುಗಳು ಸಾಕು. ಅದಕ್ಕಿಂತ ಹೆಚ್ಚಾದರೆ ಕೊನೆಯ ಹತ್ತು ಹಾಡುಗಳಿಗೆ ದಣಿದ ಕಿವಿಗಳು ಉತ್ತರಿಸುತ್ತವೆ. ಮೂವತ್ತರಲ್ಲಿ ಕನಿಷ್ಠ ಇಪ್ಪತ್ತು ಹಾಡುಗಳು ಜೋಡಿಯಾಗಿರಬೇಕು, ಅಂದರೆ ಒಂದು ಹಿಪ್‌ಹಾಪ್ ಹಾಡು ಮತ್ತು ಅದಕ್ಕೆ ಮೂಲವಾದ ಒಂದು ಹಳೆಯ ಹಾಡು ಎರಡೂ ಪಟ್ಟಿಯಲ್ಲಿ ಬೇರೆ ಬೇರೆ ಕಡೆ ಇರಬೇಕು.

ಸಿದ್ಧಪಟ್ಟಿಗಳನ್ನು ನಂಬಬಾರದು ಎಂಬುದನ್ನು ಒಂದು ತಪ್ಪಿನಿಂದ ಕಲಿತೆ. ನಮ್ಮ ಮೊದಲ ಪರೀಕ್ಷೆಗೆ ನಾನು ಫೋನಿನಲ್ಲಿ ಸಿಕ್ಕ ಒಂದು ಸಿದ್ಧಪಟ್ಟಿಯನ್ನು ಹಾಗೆಯೇ ಬಳಸಿದ್ದೆ. ಅದರಲ್ಲಿದ್ದ ಒಂದು ಹಾಡನ್ನು ಕೇಳಿದ ನನ್ನ ಚಿಕ್ಕಪ್ಪನ ಮಗ, ಧ್ವನಿ ಅದೇ ಗಾಯಕನದಾದರೂ ಟ್ರಂಪೆಟ್‌ಗಳು ಮೂಲ ಹಾಡಿನವಲ್ಲ ಎಂದು ಬರೆದ. ನಾನು ಅಂಕ ಕೊಡಲಿಲ್ಲ. ಆಮೇಲೆ ಪರಿಶೀಲಿಸಿದಾಗ ಅವನು ಹೇಳಿದ್ದೇ ಸರಿಯಾಗಿತ್ತು. ಅನೇಕ ಸೋಲ್ ಗಾಯಕರು ತಮ್ಮ ಜನಪ್ರಿಯ ಹಾಡುಗಳನ್ನು ವರ್ಷಗಳ ನಂತರ ಬೇರೆ ವಾದ್ಯಗಾರರೊಡನೆ ಮತ್ತೆ ಹಾಡಿ ಧ್ವನಿಮುದ್ರಿಸಿದ್ದಾರೆ, ಮತ್ತು ಅಗ್ಗದ ಸಂಗ್ರಹಗಳಲ್ಲಿ ಸೇರುವುದು ಬಹುಪಾಲು ಈ ಮರುಮುದ್ರಣಗಳೇ. ಆದ್ದರಿಂದ ಪ್ರತಿಯೊಂದು ಹಾಡನ್ನೂ ಅದರ ಮೂಲ ಆಲ್ಬಮ್ಮಿನಿಂದ ಆರಿಸಬೇಕು. ಹಾಡಿನ ಪಕ್ಕದಲ್ಲಿ ಕಾಣುವ ಇಸವಿಯನ್ನೂ ಹಾಗೆಯೇ ಒಪ್ಪಬಾರದು. ಅದು ಎಷ್ಟೋ ವೇಳೆ ಸಂಗ್ರಹ ಹೊರಬಂದ ಇಸವಿಯಾಗಿರುತ್ತದೆ, ಹಾಡು ಹೊರಬಂದದ್ದಲ್ಲ.

ಮಳೆಯ ಸದ್ದು ಮತ್ತು ಬೇಸ್ ಗಿಟಾರ್

ಹಾಡುಗಳನ್ನು ಎರಡು ದಿನ ಮೊದಲೇ ಫೋನಿಗೆ ಇಳಿಸಿಟ್ಟುಕೊಳ್ಳಬೇಕು. ಆಗಸ್ಟ್ ತಿಂಗಳಲ್ಲಿ ಮರ ಬಿದ್ದು ಕರೆಂಟು ಹೋದರೆ ಅದರ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ ಎಂಬುದನ್ನು ಕೊಡಗಿನವರಿಗೆ ಹೇಳಬೇಕಾಗಿಲ್ಲ. ಆದರೆ ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಶೀಟಿನ ಮಾಡಿನ ಮೇಲೆ ಬೀಳುವ ಮಳೆಯ ಮೊರೆತ ಹಾಡಿನ ತಗ್ಗು ಸ್ವರಗಳನ್ನು ಮುಚ್ಚಿಹಾಕುತ್ತದೆ, ಮತ್ತು ಫೋನಿನ ಪುಟ್ಟ ಸ್ಪೀಕರ್ ಆ ತಗ್ಗು ಸ್ವರಗಳನ್ನು ಮೊದಲೇ ಹೊರಡಿಸಿರುವುದಿಲ್ಲ. ಸೋಲ್ ಹಾಡಿನ ಗುರುತು ಇರುವುದೇ ಬೇಸ್ ಗಿಟಾರಿನ ನಡೆಯಲ್ಲಿ. ಅದು ಕೇಳದಿದ್ದರೆ ಪರೀಕ್ಷೆ ಅನ್ಯಾಯವಾಗುತ್ತದೆ. ಒಬ್ಬರೇ ಇದ್ದರೆ ತಂತಿಯಿರುವ ಹೆಡ್‌ಫೋನ್ ಬಳಸುವುದು ಒಳ್ಳೆಯದು. ಗುಂಪಿನಲ್ಲಿದ್ದರೆ ಸ್ವಲ್ಪ ದೊಡ್ಡ ಸ್ಪೀಕರನ್ನು ಗೋಡೆಯ ಮೂಲೆಗೆ ಹತ್ತಿರವಾಗಿ ಇಟ್ಟರೆ ತಗ್ಗು ಸ್ವರಗಳು ತಕ್ಕಮಟ್ಟಿಗೆ ಬಲಗೊಳ್ಳುತ್ತವೆ. ಶೀಟಿನ ಕೆಳಗಿನ ಜಗಲಿಗಿಂತ ಅಟ್ಟವಿರುವ ಒಳಕೋಣೆ ಲೇಸು.

ಗುಂಪಿನಲ್ಲಿ ಒಬ್ಬರು ಪರೀಕ್ಷೆ ನಡೆಸುವವರಾಗಬೇಕು. ಹಾಡುಗಳಿಗೆ ಒಂದರಿಂದ ಮೂವತ್ತರವರೆಗೆ ಸಂಖ್ಯೆ ಕೊಟ್ಟು ಕ್ರಮವನ್ನು ಅವರೇ ಕಲೆಸಬೇಕು. ಒಬ್ಬರೇ ಮಾಡಿಕೊಳ್ಳುವವರು ಪಟ್ಟಿಯನ್ನು ಕ್ರಮ ತಪ್ಪಿಸಿ ನುಡಿಸುವಂತೆ ಇಟ್ಟು, ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರೆ ಆಯಿತು.

ಮೊದಲ ಹತ್ತು ಸೆಕೆಂಡುಗಳು

ಮೊದಲ ಸುತ್ತಿನಲ್ಲಿ ಪ್ರತಿ ಹಾಡಿನ ಆರಂಭದ ಹತ್ತು ಸೆಕೆಂಡುಗಳನ್ನು ಮಾತ್ರ ಕೇಳಿಸಬೇಕು. ಉತ್ತರಿಸುವವರು ಮೊದಲು ಹಾಡಿನ ಹೆಸರನ್ನಲ್ಲ, ಕೇಳಿದ ಮೊದಲ ವಾದ್ಯ ಯಾವುದು ಎಂಬುದನ್ನು ಬರೆಯಬೇಕು. ಹೆಸರು ಎರಡನೆಯದು. ಈ ಕ್ರಮ ಅನಗತ್ಯವೆಂದು ಮೊದಮೊದಲು ಹಲವರಿಗೆ ಅನಿಸುತ್ತದೆ, ಆದರೆ ವಾದ್ಯವನ್ನು ಬರೆಯುವ ಅಭ್ಯಾಸವಾದವರು ಮುಂದಿನ ಸುತ್ತುಗಳಲ್ಲಿ ಬಹಳ ಮುಂದಿರುವುದನ್ನು ನಾನು ಕಂಡಿದ್ದೇನೆ.

ಟೆಂಪ್ಟೇಷನ್ಸ್ ತಂಡದ 1964ರ ‘ಮೈ ಗರ್ಲ್’ ಬೇಸ್ ಗಿಟಾರಿನ ಒಂದು ಸರಳ ಮಿಡಿತದಿಂದ ಆರಂಭವಾಗಿ, ಅದರ ಮೇಲೆ ಗಿಟಾರು ಮೆಟ್ಟಿಲು ಹತ್ತುವಂತೆ ಏರುತ್ತದೆ. ಬುಕರ್ ಟಿ. ಅಂಡ್ ದಿ ಎಂಜೀಸ್ ತಂಡದ 1962ರ ‘ಗ್ರೀನ್ ಆನಿಯನ್ಸ್’ನಲ್ಲಿ ಮಾತೇ ಇಲ್ಲ, ಆರ್ಗನ್ನಿನ ಒಂದು ಸುರುಳಿಯೇ ಅದರ ಮುಖ. ಸ್ಟೀವಿ ವಂಡರ್ ಅವರ 1972ರ ‘ಸೂಪರ್‌ಸ್ಟಿಷನ್’ ಡ್ರಮ್ಸ್‌ನಿಂದ ಶುರುವಾಗುತ್ತದೆ, ಆ ಡ್ರಮ್ಸ್ ನುಡಿಸಿದವರೂ ಸ್ವತಃ ಅವರೇ. ಐಸಾಕ್ ಹೇಯ್ಸ್ ಅವರ 1971ರ ‘ಥೀಮ್ ಫ್ರಮ್ ಶಾಫ್ಟ್’ನಲ್ಲಿ ಮೊದಲು ಕೇಳುವುದು ಹೈ-ಹ್ಯಾಟ್ ತಾಳದ ಬಿಡುವಿಲ್ಲದ ಟಿಕ್ ಟಿಕ್, ಆಮೇಲೆ ಬಾಯಿ ತೆರೆದು ಮುಚ್ಚಿದಂತೆ ಕೇಳುವ ಗಿಟಾರು. ಬಿಲ್ ವಿದರ್ಸ್ ಅವರ 1971ರ ‘ಏನ್ಟ್ ನೋ ಸನ್‌ಶೈನ್’ಗೆ ಪೀಠಿಕೆಯೇ ಇಲ್ಲವೆಂದರೂ ಸಲ್ಲುತ್ತದೆ, ಕಂಠ ನೇರವಾಗಿ ಬಂದುಬಿಡುತ್ತದೆ. ಇದಕ್ಕೆ ತದ್ವಿರುದ್ಧವಾಗಿ ಟೆಂಪ್ಟೇಷನ್ಸ್‌ನ 1972ರ ‘ಪಾಪಾ ವಾಸ್ ಅ ರೋಲಿನ್ ಸ್ಟೋನ್’ ಆಲ್ಬಮ್ಮಿನ ಆವೃತ್ತಿಯಲ್ಲಿ ಸುಮಾರು 12 ನಿಮಿಷಗಳಷ್ಟು ಉದ್ದವಿದ್ದು, ಹಾಡುವ ಧ್ವನಿ ಬರುವುದಕ್ಕೆ ಮೂರು ನಿಮಿಷಕ್ಕೂ ಹೆಚ್ಚು ಕಾಯಬೇಕಾಗುತ್ತದೆ. ಇಂಥ ವೈವಿಧ್ಯವನ್ನು ಗಮನದಲ್ಲಿಟ್ಟು ಆರಂಭದ ಆರೇಳು ಹಾಡುಗಳನ್ನು ಆರಿಸಿದರೆ, ಯಾರ ಕಿವಿ ಯಾವ ವಾದ್ಯಕ್ಕೆ ತೆರೆದಿದೆ ಎಂಬುದು ಮೊದಲ ಸುತ್ತಿನಲ್ಲಿಯೇ ತಿಳಿಯುತ್ತದೆ.

ಯಾವ ಊರಿನ ಸದ್ದು?

ಕಾಫಿಯ ವಾಸನೆಯಿಂದಲೇ ಅದು ಅರೇಬಿಕಾವೋ ರೋಬಸ್ಟಾವೋ ಎಂದು ಹೇಳುವವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ಸೋಲ್ ಸಂಗೀತಕ್ಕೂ ಅಂಥ ಊರಿನ ಗುಣವಿದೆ. ಎರಡನೆಯ ಸುತ್ತು ಅದಕ್ಕೆ ಮೀಸಲು. ಪ್ರತಿ ಸೋಲ್ ಹಾಡಿನ ಒಂದು ನಿಮಿಷವನ್ನು ಕೇಳಿಸಿ, ಇದು ಡೆಟ್ರಾಯಿಟ್‌ನದೋ ಮೆಂಫಿಸ್‌ನದೋ ಫಿಲಡೆಲ್ಫಿಯಾದ್ದೋ ಎಂದು ಕೇಳಬೇಕು.

ಡೆಟ್ರಾಯಿಟ್‌ನಲ್ಲಿ ಬೆರಿ ಗಾರ್ಡಿ 1959ರಲ್ಲಿ ತನ್ನ ಕುಟುಂಬದಿಂದ 800 ಡಾಲರ್ ಸಾಲ ಪಡೆದು ಆರಂಭಿಸಿದ ಸಂಸ್ಥೆಯೇ ಮುಂದೆ ಮೋಟೌನ್ ಆಯಿತು. ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್‌ನ ಒಂದು ಮನೆಯೇ ಅದರ ಸ್ಟುಡಿಯೊ. ಅಲ್ಲಿನ ಖಾಯಂ ವಾದ್ಯಗಾರರನ್ನು ಫಂಕ್ ಬ್ರದರ್ಸ್ ಎಂದು ಕರೆಯುತ್ತಿದ್ದರು, ಅವರಲ್ಲಿ ಬೇಸ್ ನುಡಿಸುತ್ತಿದ್ದ ಜೇಮ್ಸ್ ಜೇಮರ್‌ಸನ್ ಒಂದೆಡೆ ನಿಲ್ಲದೆ ಓಡಾಡುವ ನಡೆಗೆ ಹೆಸರಾದವರು. ಓಡಾಡುವ ಬೇಸ್, ಎದ್ದು ಕೇಳುವ ಟ್ಯಾಂಬರೀನ್, ಹಿಂದೆ ಪಿಟೀಲುಗಳು: ಈ ಮೂರು ಸೇರಿದರೆ ಡೆಟ್ರಾಯಿಟ್ ಎಂದು ಬರೆಯಬಹುದು. ಮೆಂಫಿಸ್‌ನ ಸ್ಟ್ಯಾಕ್ಸ್ ಸಂಸ್ಥೆಗೆ ಆ ಹೆಸರು ಬಂದದ್ದು ಜಿಮ್ ಸ್ಟೂವರ್ಟ್ ಮತ್ತು ಅವರ ಅಕ್ಕ ಎಸ್ಟೆಲ್ ಆಕ್ಸ್‌ಟನ್ ಇವರ ಹೆಸರುಗಳ ಮೊದಲಕ್ಷರಗಳಿಂದ. ಹಳೆಯ ಚಿತ್ರಮಂದಿರವೊಂದನ್ನು ಅವರು ಸ್ಟುಡಿಯೊ ಮಾಡಿಕೊಂಡಿದ್ದರು. ಕುರ್ಚಿಗಳನ್ನು ತೆಗೆದರೂ ನೆಲದ ಇಳಿಜಾರು ಹಾಗೆಯೇ ಉಳಿದಿತ್ತು, ಆ ದೊಡ್ಡ ಕೋಣೆಯ ಗುಂಗು ಹಾಡುಗಳಲ್ಲಿ ಕೇಳುತ್ತದೆ. ವಾದ್ಯಗಳು ಕಡಿಮೆ, ನಡುವೆ ಖಾಲಿ ಜಾಗ ಹೆಚ್ಚು, ಟ್ರಂಪೆಟ್ ಮತ್ತು ಸ್ಯಾಕ್ಸೊಫೋನ್‌ಗಳು ಗಾಯಕನಿಗೆ ಮಾರುತ್ತರ ಕೊಡುವಂತೆ ನುಡಿಯುತ್ತವೆ, ತಾಳ ಒಂದು ಕೂದಲೆಳೆಯಷ್ಟು ತಡವಾಗಿ ಬೀಳುತ್ತದೆ. ಆಟಿಸ್ ರೆಡಿಂಗ್ ಅವರ ಯಾವುದೇ ಹಾಡಿನಿಂದ ಇದನ್ನು ಕಲಿಯಬಹುದು. ಫಿಲಡೆಲ್ಫಿಯಾದಲ್ಲಿ ಕೆನೆತ್ ಗ್ಯಾಂಬಲ್ ಮತ್ತು ಲಿಯಾನ್ ಹಫ್ 1971ರಲ್ಲಿ ಆರಂಭಿಸಿದ ಸಂಸ್ಥೆಯ ಹಾಡುಗಳಲ್ಲಿ ಪಿಟೀಲುಗಳ ಮೇಳ ತುಂಬಿ ಹರಿಯುತ್ತದೆ. ಓ’ಜೇಸ್ ತಂಡದ ‘ಲವ್ ಟ್ರೇನ್’ ಒಂದು ಸಾಕು.

ನಾಲ್ಕನೆಯದಾಗಿ ಅಲಬಾಮಾ ರಾಜ್ಯದ ಮಸಲ್ ಶೋಲ್ಸ್ ಎಂಬ ಪುಟ್ಟ ಊರನ್ನು ಸೇರಿಸಬೇಕೆಂದು ನಾನು ಒತ್ತಾಯಿಸುತ್ತೇನೆ. ದೊಡ್ಡ ನಗರಗಳಿಂದ ದೂರ, ನದಿಯ ದಡದಲ್ಲಿರುವ ಆ ಊರಿಗೆ ಗಾಯಕರು ಹುಡುಕಿಕೊಂಡು ಬರುತ್ತಿದ್ದರು ಎಂಬುದು ಸಣ್ಣ ಊರುಗಳಲ್ಲಿ ಬದುಕುವ ನಮಗೆ ಪ್ರಿಯವಾಗುವ ಸಂಗತಿ. ಗಾಯಕಿ ಅರೀತಾ ಫ್ರ್ಯಾಂಕ್ಲಿನ್ 1967ರ ಜನವರಿಯಲ್ಲಿ ಅಲ್ಲಿಗೆ ಹೋಗಿ ಹಾಡಿದರು. ಮರುತಿಂಗಳು ಅವರ ‘ರೆಸ್ಪೆಕ್ಟ್’ ಹಾಡು ಮುದ್ರಣವಾದದ್ದು ನ್ಯೂಯಾರ್ಕ್‌ನಲ್ಲಾದರೂ, ನುಡಿಸಿದವರಲ್ಲಿ ಮಸಲ್ ಶೋಲ್ಸ್‌ನಿಂದ ಕರೆಸಿಕೊಂಡ ವಾದ್ಯಗಾರರಿದ್ದರು. ಆದ್ದರಿಂದ ಈ ಹಾಡಿಗೆ ಎರಡರಲ್ಲಿ ಯಾವ ಊರನ್ನು ಬರೆದರೂ ಅಂಕ ಕೊಡುತ್ತೇನೆ, ಕಾರಣವನ್ನೂ ಬರೆದವರಿಗೆ ಒಂದು ಅಂಕ ಹೆಚ್ಚು.

ಪ್ರಶ್ನೆಯನ್ನು ತೂಗಿ ಬರೆಯಬೇಕು

‘ಈ ಹಾಡನ್ನು ಮೊದಲು ಹಾಡಿದವರು ಯಾರು?’ ಎಂಬ ಪ್ರಶ್ನೆ ಕೇಳಲು ಸುಲಭ, ಆದರೆ ಅದರಷ್ಟು ಜಗಳ ತರುವ ಪ್ರಶ್ನೆ ಇನ್ನೊಂದಿಲ್ಲ. ‘ಐ ಹರ್ಡ್ ಇಟ್ ಥ್ರೂ ದ ಗ್ರೇಪ್‌ವೈನ್’ ಹಾಡನ್ನೇ ನೋಡಿ. ಬಹಳ ಜನ ಅದನ್ನು ಮಾರ್ವಿನ್ ಗೇ ಅವರ 1968ರ ಹಾಡೆಂದು ಬಲ್ಲರು. ಅದಕ್ಕೂ ಮೊದಲು, 1967ರಲ್ಲಿ, ಗ್ಲ್ಯಾಡಿಸ್ ನೈಟ್ ಅಂಡ್ ದ ಪಿಪ್ಸ್ ಹಾಡಿದ್ದು ಬಿಡುಗಡೆಯಾಗಿ ಗೆದ್ದಿತ್ತು. ಆದರೆ ಮಾರ್ವಿನ್ ಗೇ ತಮ್ಮ ಆವೃತ್ತಿಯನ್ನು ಮುದ್ರಿಸಿದ್ದು ಗ್ಲ್ಯಾಡಿಸ್ ನೈಟ್‌ಗಿಂತ ಮುಂಚೆ. ಅದಕ್ಕಿಂತ ಮುಂಚೆ, 1966ರಲ್ಲಿ, ಸ್ಮೋಕಿ ರಾಬಿನ್‌ಸನ್ ಅವರ ಮಿರಕಲ್ಸ್ ತಂಡ ಅದನ್ನು ಮುದ್ರಿಸಿತ್ತು. ಹೀಗಾಗಿ ‘ಮೊದಲು ಮುದ್ರಿಸಿದವರು’ ಬೇರೆ, ‘ಮೊದಲು ಬಿಡುಗಡೆ ಕಂಡವರು’ ಬೇರೆ, ‘ಹೆಚ್ಚು ಪ್ರಸಿದ್ಧರಾದವರು’ ಬೇರೆ. ಯಾವುದನ್ನು ಕೇಳುತ್ತಿದ್ದೇವೆ ಎಂಬುದು ಪ್ರಶ್ನೆಯಲ್ಲಿಯೇ ಇರಬೇಕು.

‘ರೆಸ್ಪೆಕ್ಟ್’ ಕೂಡ ಇಂಥದೇ. ಅದನ್ನು ಬರೆದು 1965ರಲ್ಲಿ ಮೊದಲು ಹಾಡಿದವರು ಆಟಿಸ್ ರೆಡಿಂಗ್. ದುಡಿದು ಮನೆಗೆ ಬರುವ ಗಂಡಸಿನ ಬೇಡಿಕೆಯಾಗಿದ್ದ ಹಾಡನ್ನು ಅರೀತಾ ಹೆಣ್ಣಿನ ಬೇಡಿಕೆಯಾಗಿ ತಿರುಗಿಸಿದರು, ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಹೇಳುವ ಭಾಗವನ್ನು ಸೇರಿಸಿದರು. ಇಲ್ಲಿ ಯಾರು ಮೊದಲು ಎಂದು ಕೇಳುವುದಕ್ಕಿಂತ, ಎರಡನ್ನೂ ಕೇಳಿಸಿ ಏನೇನು ಬದಲಾಗಿದೆ ಎಂದು ಬರೆಸುವುದು ಎಷ್ಟೋ ಪಾಲು ಉತ್ತಮ ಪರೀಕ್ಷೆ.

ಜೋಡಿ ಹುಡುಕುವ ಸುತ್ತು

ಈ ಸುತ್ತಿಗಾಗಿಯೇ ಉಳಿದದ್ದೆಲ್ಲ ಇರುವುದು. ಇದಕ್ಕೆ ಮೊದಲು ಹಿನ್ನೆಲೆಯನ್ನು ಎಲ್ಲರಿಗೂ ವಿವರಿಸಿ ಹೇಳಬೇಕು. ಹಾಡೊಂದರಲ್ಲಿ ಉಳಿದ ವಾದ್ಯಗಳೂ ಧ್ವನಿಯೂ ಹಿಂದೆ ಸರಿದು, ಡ್ರಮ್ಸ್ ಮತ್ತು ಬೇಸ್ ಮಾತ್ರ ಕೆಲವು ಕ್ಷಣ ನುಡಿಯುವ ಜಾಗವನ್ನು ಬ್ರೇಕ್ ಎನ್ನುತ್ತಾರೆ. ಕುಣಿಯುವವರು ಕಾಯುವುದು ಆ ಜಾಗಕ್ಕೇ ಎಂಬುದನ್ನು ಕೂಲ್ ಹರ್ಕ್ ಗಮನಿಸಿದ. ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ತಿರುಗುಮಣೆಗಳ ಮೇಲಿಟ್ಟು, ಒಂದರಲ್ಲಿ ಬ್ರೇಕ್ ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಅದನ್ನೇ ಮತ್ತೆ ಆರಂಭಿಸಿ, ಕೆಲವೇ ಸೆಕೆಂಡುಗಳ ತುಣುಕನ್ನು ನಿಮಿಷಗಟ್ಟಲೆ ಎಳೆಯುವುದನ್ನು ಅವನು ರೂಢಿಸಿಕೊಂಡ. ಜೇಮ್ಸ್ ಬ್ರೌನ್ ಅವರ ರೆಕಾರ್ಡುಗಳು ಅವನಿಗೆ ಅಚ್ಚುಮೆಚ್ಚಾಗಿದ್ದವು. ಮುಂದೆ ರೆಕಾರ್ಡಿನ ತುಣುಕನ್ನು ಹಿಡಿದಿಟ್ಟು ಮತ್ತೆ ಮತ್ತೆ ನುಡಿಸುವ ಸ್ಯಾಂಪ್ಲರ್ ಯಂತ್ರಗಳು ಬಂದಾಗ ಕೈಯಿಂದ ಮಾಡುತ್ತಿದ್ದುದನ್ನೇ ಯಂತ್ರದಿಂದ ಮಾಡಲು ಸಾಧ್ಯವಾಯಿತು. ಹಿಪ್‌ಹಾಪ್ ಹಾಡಿನ ಅಡಿಯಲ್ಲಿ ಸೋಲ್ ಹಾಡು ಇರುವುದು ಇದೇ ಕಾರಣಕ್ಕೆ.

ಕೇಳುವ ಕ್ರಮವೂ ಇದನ್ನೇ ಅನುಸರಿಸಬೇಕು. ಹಿಪ್‌ಹಾಪ್ ಹಾಡು ಆರಂಭವಾದಾಗ ಮಾತಿನ ಕಡೆಗೆ ಗಮನ ಕೊಡದೆ, ಮರಳಿ ಮರಳಿ ಬರುವ ತುಣುಕು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಕೈಬೆರಳುಗಳಲ್ಲಿ ಎಣಿಸಬೇಕು. ಅದು ಸಿಕ್ಕಿದ ಮೇಲೆ ಹಾಡನ್ನು ನಿಲ್ಲಿಸಿ, ಆ ತುಣುಕನ್ನು ಬಾಯಿಯಲ್ಲಿ ಗುನುಗಿಕೊಳ್ಳಬೇಕು, ಮತ್ತು ಗುನುಗುವಾಗ ಸ್ವಲ್ಪ ನಿಧಾನವಾಗಿ, ಆಮೇಲೆ ಸ್ವಲ್ಪ ವೇಗವಾಗಿ ಹೇಳಿ ನೋಡಬೇಕು, ಏಕೆಂದರೆ ತುಣುಕಿನ ವೇಗ ಬದಲಾದಾಗ ಅದರ ಶ್ರುತಿಯೂ ಬದಲಾಗುತ್ತಿತ್ತು. 1987ರಲ್ಲಿ ಬಂದ ಎಸ್‌ಪಿ-1200 ಎಂಬ ಪ್ರಸಿದ್ಧ ಯಂತ್ರದಲ್ಲಿ ಒಟ್ಟು ಸುಮಾರು 10 ಸೆಕೆಂಡುಗಳ ಧ್ವನಿಯನ್ನು ಮಾತ್ರ ಹಿಡಿದಿಡಬಹುದಾಗಿತ್ತು; ಆ ಮಿತಿಯೊಳಗೆ ಹೆಚ್ಚು ತುಂಬಿಸಲೆಂದು ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನು 45 ಸುತ್ತಿನ ವೇಗದಲ್ಲಿ ತಿರುಗಿಸಿ ಹಿಡಿದು, ಯಂತ್ರದೊಳಗೆ ಮತ್ತೆ ನಿಧಾನಗೊಳಿಸುತ್ತಿದ್ದರು. ಆ ಕಾಲದ ಹಾಡುಗಳಲ್ಲಿ ಕೇಳುವ ಒರಟು, ಮಸುಕಾದ ನಾದಕ್ಕೆ ಇದೂ ಒಂದು ಕಾರಣ.

ಆರಂಭಿಕರಿಗೆ ಸುಲಭದ ಜೋಡಿಗಳಿಂದ ಶುರುಮಾಡಬೇಕು. ಎಂ.ಸಿ. ಹ್ಯಾಮರ್‌ನ 1990ರ ‘ಯು ಕಾಂಟ್ ಟಚ್ ದಿಸ್’ನ ಅಡಿಯಲ್ಲಿರುವುದು ರಿಕ್ ಜೇಮ್ಸ್‌ನ 1981ರ ‘ಸೂಪರ್ ಫ್ರೀಕ್’. ಕೂಲಿಯೊನ 1995ರ ‘ಗ್ಯಾಂಗ್‌ಸ್ಟಾಸ್ ಪ್ಯಾರಡೈಸ್’ ನಿಂತಿರುವುದು ಸ್ಟೀವಿ ವಂಡರ್ ಅವರ 1976ರ ‘ಪಾಸ್ಟೈಮ್ ಪ್ಯಾರಡೈಸ್’ನ ಮೇಲೆ. ನೊಟೋರಿಯಸ್ ಬಿ.ಐ.ಜಿ.ಯ 1994ರ ‘ಜ್ಯೂಸಿ’ಗೆ ಮುಟೂಮೆ ತಂಡದ 1983ರ ‘ಜ್ಯೂಸಿ ಫ್ರೂಟ್’ ಮೂಲ. ನಮ್ಮ ಕಾಲದ ಎಲ್ಲೆಯನ್ನು ಇದೂ ‘ಸೂಪರ್ ಫ್ರೀಕ್’ ಕೂಡ ಸ್ವಲ್ಪ ಮೀರುತ್ತವೆಯಾದರೂ ಬಿಡಲು ಮನಸ್ಸಾಗುವುದಿಲ್ಲ. ಎರಿಕ್ ಬಿ. ಅಂಡ್ ರಾಕಿಮ್‌ನ 1987ರ ‘ಐ ನೋ ಯು ಗಾಟ್ ಸೋಲ್’ ತನ್ನ ಮೂಲದ ಹೆಸರನ್ನೇ ಇಟ್ಟುಕೊಂಡಿದೆ: ಅದು ಜೇಮ್ಸ್ ಬ್ರೌನ್‌ರ ಜೊತೆಗಾರ ಬಾಬಿ ಬರ್ಡ್ 1971ರಲ್ಲಿ ಹಾಡಿದ ಹಾಡು.

ನಂತರ ಸೂಕ್ಷ್ಮವಾದವು. ಆಟಿಸ್ ರೆಡಿಂಗ್ 1967ರ ಕೊನೆಯಲ್ಲಿ ‘ಡಾಕ್ ಆಫ್ ದ ಬೇ’ ಹಾಡನ್ನು ಮುದ್ರಿಸಿ, ಕೆಲವೇ ದಿನಗಳಲ್ಲಿ, ಡಿಸೆಂಬರ್ 10ರಂದು, ವಿಮಾನ ಅಪಘಾತದಲ್ಲಿ ತೀರಿಕೊಂಡರು. ಹಾಡು ಹೊರಬಂದದ್ದು ಮುಂದಿನ ಜನವರಿಯಲ್ಲಿ. ಅದರ ಕೊನೆಯಲ್ಲಿ ಅವರು ಹಾಕುವ ಸಿಳ್ಳೆ, ಇಪ್ಪತ್ತೊಂದು ವರ್ಷಗಳ ನಂತರ, ಡಿ ಲಾ ಸೋಲ್ ತಂಡದ 1989ರ ‘ಐ ನೋ’ ಹಾಡಿನಲ್ಲಿ ಮತ್ತೆ ಕೇಳುತ್ತದೆ. ನನಗೆ ಇಡೀ ಪರೀಕ್ಷೆಯಲ್ಲಿ ಅತ್ಯಂತ ಪ್ರಿಯವಾದ ಪ್ರಶ್ನೆ ಇದು. ಸತ್ತುಹೋದ ಗಾಯಕನ ಉಸಿರು ಹುಡುಗರ ಹಾಡೊಂದರಲ್ಲಿ ಹಾಯುತ್ತಿರುವುದನ್ನು ಯಾರಾದರೂ ತಾವಾಗಿಯೇ ಗುರುತಿಸಿದ ಕ್ಷಣ ಕೋಣೆಯಲ್ಲಿ ಮಳೆಯ ಸದ್ದು ಮಾತ್ರ ಉಳಿಯುತ್ತದೆ. ಡಿ ಲಾ ಸೋಲ್‌ನ ಹಳೆಯ ಆಲ್ಬಮ್ಮುಗಳು ಹಕ್ಕುಗಳ ತೊಡಕಿನಿಂದಾಗಿ ಆನ್‌ಲೈನ್ ಸೇವೆಗಳಿಗೆ ಬಂದದ್ದು 2023ರ ಮಾರ್ಚ್‌ನಲ್ಲಿ ಮಾತ್ರ, ಆದ್ದರಿಂದ ಅದಕ್ಕೂ ಹಿಂದೆ ಮಾಡಿದ ಪಟ್ಟಿಗಳಲ್ಲಿ ಅವರ ಹೆಸರು ಇಲ್ಲದಿದ್ದರೆ ಸೇರಿಸಿಕೊಳ್ಳಬೇಕು.

ಡ್ರಮ್ಸ್‌ನ ಜೋಡಿಗಳು ಎಲ್ಲಕ್ಕಿಂತ ಕಷ್ಟ. ಜೇಮ್ಸ್ ಬ್ರೌನ್‌ರ 1970ರ ‘ಫಂಕಿ ಡ್ರಮ್ಮರ್’ನಲ್ಲಿ ಕ್ಲೈಡ್ ಸ್ಟಬಲ್‌ಫೀಲ್ಡ್ ನುಡಿಸಿದ ಬ್ರೇಕ್ ಪಬ್ಲಿಕ್ ಎನಿಮಿಯ 1989ರ ‘ಫೈಟ್ ದ ಪವರ್’ ಸೇರಿದಂತೆ ಅಸಂಖ್ಯ ಹಾಡುಗಳಿಗೆ ಬೆನ್ನೆಲುಬಾಗಿದೆ. ವಿನ್‌ಸ್ಟನ್ಸ್ ತಂಡದ 1969ರ ‘ಆಮೆನ್, ಬ್ರದರ್’ನಲ್ಲಿ ಗ್ರೆಗರಿ ಕೋಲ್ಮನ್ ನುಡಿಸಿದ, ಆರೇಳು ಸೆಕೆಂಡಿನ ತುಣುಕು ಎನ್.ಡಬ್ಲ್ಯು.ಎ.ಯ ‘ಸ್ಟ್ರೇಟ್ ಔಟ್ಟಾ ಕಾಂಪ್ಟನ್’ನಲ್ಲಿದೆ. ರೆಕಾರ್ಡಿನ ಹಿಂಬದಿಯಲ್ಲಿ ಜಾಗ ತುಂಬಲು ಹಾಕಿದ್ದ ಹಾಡು ಆ ‘ಆಮೆನ್, ಬ್ರದರ್’. ಈ ಇಬ್ಬರು ಡ್ರಮ್ಮರುಗಳ ಹೆಸರನ್ನು ಬರೆದವರಿಗೆ ನಾನು ಗಾಯಕನ ಹೆಸರಿಗಿಂತ ಇಮ್ಮಡಿ ಅಂಕ ಕೊಡುತ್ತೇನೆ. ಲೋಕವೆಲ್ಲ ಅವರ ಕೈಯ ಬಡಿತಕ್ಕೆ ಕುಣಿಯಿತು, ಅದರಿಂದ ಅವರಿಗೆ ಸಲ್ಲಬೇಕಾದ ಹಣ ಸಲ್ಲಲಿಲ್ಲ. ಹೆಸರನ್ನಾದರೂ ನೆನಪಿಡುವುದು ಕೇಳುಗರ ಕರ್ತವ್ಯವೆಂದು ನಾನು ನಂಬಿದ್ದೇನೆ.

ಇದೇ ಸುತ್ತಿನಲ್ಲಿ ಇನ್ನೊಂದು ಭೇದವನ್ನು ಪರೀಕ್ಷಿಸಬೇಕು: ತುಣುಕನ್ನು ರೆಕಾರ್ಡಿನಿಂದ ಎತ್ತಿದ್ದೋ, ಅಥವಾ ವಾದ್ಯಗಾರರು ಹೊಸದಾಗಿ ನುಡಿಸಿದ್ದೋ? ಶುಗರ್‌ಹಿಲ್ ಗ್ಯಾಂಗ್‌ನ 1979ರ ‘ರ್‍ಯಾಪರ್ಸ್ ಡಿಲೈಟ್’ ಅದೇ ವರ್ಷದ ಶಿಕ್ ತಂಡದ ‘ಗುಡ್ ಟೈಮ್ಸ್’ ಹಾಡಿನ ಬೇಸ್ ನಡೆಯನ್ನು ಆಧರಿಸಿದೆ, ಆದರೆ ಅದನ್ನು ಸ್ಟುಡಿಯೊದಲ್ಲಿ ವಾದ್ಯಗಾರರು ಕೈಯಾರೆ ನುಡಿಸಿದರು. ಆಫ್ರಿಕಾ ಬಂಬಾಟ ಮತ್ತು ಸೋಲ್‌ಸಾನಿಕ್ ಫೋರ್ಸ್‌ನ 1982ರ ‘ಪ್ಲಾನೆಟ್ ರಾಕ್’ನಲ್ಲಿ ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ ಧಾಟಿಯನ್ನು ಕೀಬೋರ್ಡಿನಲ್ಲಿ ಮತ್ತೆ ನುಡಿಸಲಾಗಿದೆ. ಮೂಲವನ್ನು ಹೆಸರಿಸಿದರೆ ಅರ್ಧ ಅಂಕ, ಮರುನುಡಿಸಿದ್ದೆಂದು ಗುರುತಿಸಿದರೆ ಪೂರ್ಣ ಅಂಕ.

ಪಳಗಿದವರಿಗೆ ಸರಪಳಿಯ ಪ್ರಶ್ನೆ ಕೊಡಬಹುದು. ಫ್ಯೂಜೀಸ್ ತಂಡದ 1996ರ ‘ಕಿಲ್ಲಿಂಗ್ ಮಿ ಸಾಫ್ಟ್‌ಲಿ’ಯನ್ನು ಕೇಳಿಸಿದರೆ ಹೆಚ್ಚಿನವರು ರಾಬರ್ಟಾ ಫ್ಲ್ಯಾಕ್‌ರ 1973ರ ಹಾಡನ್ನು ಹೇಳುತ್ತಾರೆ. ಅದಕ್ಕೂ ಹಿಂದೆ 1972ರಲ್ಲಿ ಲೋರಿ ಲೀಬರ್‌ಮನ್ ಹಾಡಿದ್ದರೆಂಬುದು ಕೆಲವರಿಗೆ ಗೊತ್ತಿರುತ್ತದೆ. ಆದರೆ ಫ್ಯೂಜೀಸ್ ಹಾಡಿನಲ್ಲಿ ಸಿತಾರ್‌ನಂಥ ಒಂದು ನಾದ ಕೇಳುತ್ತದೆ, ಅದು ಎಲ್ಲಿಯದು? ಟ್ರೈಬ್ ಕಾಲ್ಡ್ ಕ್ವೆಸ್ಟ್ ತಂಡದ 1990ರ ‘ಬೊನೀಟಾ ಆ್ಯಪಲ್‌ಬಮ್’ನಲ್ಲಿ ಅದಿದೆ, ಅಲ್ಲಿಗೆ ಅದು ಬಂದದ್ದು ರೋಟರಿ ಕನೆಕ್ಷನ್ ತಂಡದ ‘ಮೆಮೊರಿ ಬ್ಯಾಂಡ್’ ಎಂಬ 1960ರ ದಶಕದ ಹಾಡಿನಿಂದ. ನಮ್ಮ ದೇಶದ ವಾದ್ಯದ ನೆರಳು ಮೂರು ಹಾಡುಗಳನ್ನು ದಾಟಿ ಬಂದು ನಾಪೋಕ್ಲುವಿನ ಮನೆಯೊಂದರಲ್ಲಿ ಕೇಳುತ್ತದೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಇಸವಿಯನ್ನು ಕೇಳಿ ತಿಳಿಯುವುದು

ಇಸವಿಗೆ ಎರಡು ವರ್ಷ ಆಚೀಚೆ ಇದ್ದರೂ ಪೂರ್ಣ ಅಂಕ ಕೊಡಬೇಕು, ಊಹೆಗೆ ಆಧಾರವನ್ನು ಬರೆಸಬೇಕು. ಆಧಾರಗಳು ಹಾಡಿನೊಳಗೇ ಇರುತ್ತವೆ. ಆಳವಾಗಿ ಗುಂಯ್‌ಗುಡುವ ಯಂತ್ರದ ಡ್ರಮ್ಸ್ ಕೇಳಿದರೆ ಅದು ರೋಲ್ಯಾಂಡ್ ಟಿಆರ್-808 ಯಂತ್ರದ್ದಾಗಿರಬಹುದು, ಅದು ಮಾರುಕಟ್ಟೆಗೆ ಬಂದದ್ದು 1980ರಲ್ಲಿ, ಆದ್ದರಿಂದ ಹಾಡು ಅದಕ್ಕಿಂತ ಹಿಂದಿನದಲ್ಲ. ಒಂದೇ ಹಾಡಿನಲ್ಲಿ ಹತ್ತಾರು ರೆಕಾರ್ಡುಗಳ ಚೂರುಗಳು ಪದರ ಪದರವಾಗಿ ಒತ್ತಿಕೊಂಡಿದ್ದರೆ ಅದು ಬಹುಮಟ್ಟಿಗೆ 1980ರ ದಶಕದ ಕೊನೆಯದು. 1991ರ ಡಿಸೆಂಬರ್‌ನಲ್ಲಿ, ಗಿಲ್ಬರ್ಟ್ ಓ’ಸಲಿವನ್‌ನ ಹಾಡಿನ ತುಣುಕನ್ನು ಅನುಮತಿಯಿಲ್ಲದೆ ಬಳಸಿದ್ದಕ್ಕಾಗಿ ರ್‍ಯಾಪ್ ಗಾಯಕ ಬಿಜ್ ಮಾರ್ಕಿಯ ವಿರುದ್ಧ ನ್ಯೂಯಾರ್ಕ್‌ನ ನ್ಯಾಯಾಲಯವೊಂದು ತೀರ್ಪು ಕೊಟ್ಟಿತು. ಅದರ ನಂತರ ಪ್ರತಿ ತುಣುಕಿಗೂ ಮುಂಚಿತವಾಗಿ ಅನುಮತಿ ಪಡೆದು ಹಣ ತೆರುವುದು ಅನಿವಾರ್ಯವಾಯಿತು, ಹತ್ತಾರು ಚೂರುಗಳ ಬದಲು ಒಂದೆರಡು ದೀರ್ಘ ತುಣುಕುಗಳನ್ನು ಬಳಸುವ ರೀತಿ ಬೆಳೆಯಿತು. ಒಂದು ನ್ಯಾಯಾಲಯದ ತೀರ್ಪನ್ನು ಕಿವಿಯಿಂದಲೇ ಕೇಳಿ ತಿಳಿಯಬಹುದು ಎಂಬುದನ್ನು ನಾನು ಈ ಸುತ್ತಿನಿಂದ ಕಲಿತೆ.

ಮಾತಿನ ಸುತ್ತು

ಇಂಗ್ಲಿಷ್ ರ್‍ಯಾಪಿನ ವೇಗದ ಮಾತು ಮೊದಲ ಸಲಕ್ಕೆ ಹಿಡಿಯಲು ಸಿಗುವುದಿಲ್ಲ, ಅದಕ್ಕಾಗಿ ಯಾರೂ ಹಿಂಜರಿಯಬೇಕಾಗಿಲ್ಲ. ಕೊನೆಯ ಸುತ್ತಿನಲ್ಲಿ ಎರಡು ಹಾಡುಗಳನ್ನು ಮಾತ್ರ ಇಡೀ ಕೇಳಿಸಿ, ಹಾಡು ಹೇಳುವುದೇನು ಎಂಬುದನ್ನು ಎರಡು ಮೂರು ವಾಕ್ಯಗಳಲ್ಲಿ, ಅವರವರ ಮನೆಮಾತಿನಲ್ಲಿ ಬರೆಯಲು ಹೇಳಬೇಕು. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಅಂಡ್ ದ ಫ್ಯೂರಿಯಸ್ ಫೈವ್‌ನ 1982ರ ‘ದ ಮೆಸೇಜ್’ ಇದಕ್ಕೆ ಬಹಳ ಹೊಂದುತ್ತದೆ. ಬಡ ಬಡಾವಣೆಯ ಬದುಕಿನ ಒತ್ತಡವನ್ನು ಅಷ್ಟು ನಿಧಾನವಾಗಿ, ಒಂದೊಂದೇ ದೃಶ್ಯವಾಗಿ ಮುಂದಿಡುವ ಹಾಡು ಅದಕ್ಕೆ ಮೊದಲು ರ್‍ಯಾಪಿನಲ್ಲಿ ಜನಪ್ರಿಯವಾಗಿರಲಿಲ್ಲ. ಅಮೆರಿಕದ ರಾಷ್ಟ್ರೀಯ ಧ್ವನಿಮುದ್ರಣ ಸಂಗ್ರಹಕ್ಕೆ 2002ರಲ್ಲಿ ಸೇರಿದ ಮೊದಲ ಹಿಪ್‌ಹಾಪ್ ಮುದ್ರಣವೂ ಅದೇ.

ಇನ್ನೊಂದು ಮಾರ್ವಿನ್ ಗೇ ಅವರ 1971ರ ‘ವಾಟ್ಸ್ ಗೋಯಿಂಗ್ ಆನ್’. ಅವರ ತಮ್ಮ ಫ್ರ್ಯಾಂಕಿ ವಿಯೆಟ್ನಾಂ ಯುದ್ಧದಿಂದ ಮರಳಿ ಬಂದು ಹೇಳಿದ ಅನುಭವಗಳ ನೋವು ಆ ಹಾಡಿನ ಹಿಂದಿದೆ. ಸೇನೆಗೆ ಮಕ್ಕಳನ್ನು ಕಳುಹಿಸದ ಮನೆ ವಿರಳವಾಗಿರುವ ಕೊಡಗಿನಲ್ಲಿ ಈ ಹಾಡಿಗೆ ಬೇರೆಯೇ ಒಂದು ತೂಕವಿದೆ. ನಿವೃತ್ತ ಸೈನಿಕರಾದ ನಮ್ಮ ದೊಡ್ಡಪ್ಪ ಹಿಂದಿನ ಸುತ್ತುಗಳಲ್ಲೆಲ್ಲ ಹಾಳೆಯನ್ನು ಖಾಲಿ ಬಿಟ್ಟಿದ್ದರು. ಈ ಹಾಡು ಮುಗಿದಾಗ ಅವರು ಬರೆದದ್ದು ಒಂದೇ ವಾಕ್ಯ, ‘ಮನೆಗೆ ಬಂದವನಿಗೆ ಮನೆ ಗುರುತು ಸಿಗುತ್ತಿಲ್ಲ’ ಎಂದು. ಆ ಸುತ್ತಿನ ಅತ್ಯುತ್ತಮ ಉತ್ತರ ಅದೇ ಆಗಿತ್ತು, ನಾವು ಹಾಗೆಯೇ ಅಂಕ ಕೊಟ್ಟೆವು.

ಅಂಕ ಮತ್ತು ಪುಸ್ತಕ

ಅಂಕದ ಲೆಕ್ಕ ಸರಳವಾಗಿರಲಿ: ವಾದ್ಯಕ್ಕೆ ಒಂದು, ಹೆಸರಿಗೆ ಒಂದು, ಊರಿಗೆ ಒಂದು, ಇಸವಿಗೆ ಒಂದು, ಜೋಡಿಗೆ ಮೂರು. ಡ್ರಮ್ಮರ್ ಮತ್ತು ಮರುನುಡಿಸಿದ ಹಾಡುಗಳ ಅಂಕ ಇದಕ್ಕೆ ಸೇರುತ್ತದೆ. ಹಾಳೆಗಳನ್ನು ಎಸೆಯದೆ ಒಂದು ನೋಟ್‌ಬುಕ್ಕಿಗೆ ಅಂಟಿಸಿ, ತಪ್ಪಿದ ಜೋಡಿಗಳನ್ನು ಮಾತ್ರ ಎಡಪುಟದಲ್ಲಿ ಬರೆದುಕೊಂಡು, ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯ ಹೊತ್ತಿಗೆ ಆ ಜೋಡಿಗಳನ್ನು ಮಾತ್ರ ಮತ್ತೆ ಕೇಳಬೇಕು. ಮೂರು ತಿಂಗಳು ಕಳೆದ ಮೇಲೂ ಉಳಿದದ್ದೇ ನಿಜವಾಗಿ ಕಲಿತದ್ದು.

ಸರಿಯುತ್ತರ ಓದುವಾಗ ಆತುರಪಡಬಾರದು. ಹೆಸರು ಹೇಳುವ ಮುನ್ನ ಹಳೆಯ ಹಾಡಿನ ಆ ತುಣುಕು ಇರುವ ಜಾಗವನ್ನು ಕೇಳಿಸಿ, ಆಮೇಲೆ ಹಿಪ್‌ಹಾಪ್ ಹಾಡನ್ನು ಮತ್ತೊಮ್ಮೆ ಕೇಳಿಸಿದರೆ, ತಪ್ಪು ಬರೆದವರೂ ಹೆಸರನ್ನು ತಾವೇ ಹೇಳುತ್ತಾರೆ. ಎಲ್ಲ ಮುಗಿದು ಲೋಟಗಳನ್ನು ಒಳಗಿಟ್ಟ ಮೇಲೆ, ಯಾರ ಹಾಳೆಯಲ್ಲಿಯೂ ಸಿಗದೆ ಉಳಿದ ಹಾಡನ್ನು ನಾವು ಪೂರ್ತಿಯಾಗಿ ಹಾಕುತ್ತೇವೆ. ಕಳೆದ ವರ್ಷ ಅದು ‘ಆಮೆನ್, ಬ್ರದರ್’ ಆಗಿತ್ತು, ಮತ್ತು ಡ್ರಮ್ಸ್ ಒಂಟಿಯಾಗಿ ಉಳಿಯುವ ಜಾಗ ಬಂದಾಗ ಬಾಗಿಲ ಬಳಿ ಕೊಡೆ ಬಿಡಿಸುತ್ತಿದ್ದ ಗೆಳೆಯನೊಬ್ಬ ಅದನ್ನು ಮಡಿಸಿ ಮತ್ತೆ ಒಳಗೆ ಬಂದು ಕುಳಿತ.